ಹಳೇ ಡಿಸ್ಕು, ಹೊಸ ಸಿಸ್ಟಂ

...ಹೌದು ಪುಟ್ಟಿ, ನಾನೇ ಬದಲಾಯಿಸಿದ್ದು. ಅಷ್ಟಕ್ಕೆ ಯಾಕೆ ಮುಖ ಊದಿಸ್ಕೊಂಡಿದೀಯ? ಈ ಸರ್ವರ್ ಡಬ್ಬ ನೀನೇ ತಂದಿಟ್ಟಿದ್ದು, ಒಪ್ಕೊಂಡೆ. ಮನೆಯವರ ಫೋಟೋ, ವಿಡಿಯೋ ಎಲ್ಲಾ ಒಂದೇ ಕಡೆ ಇರ್ಲಿ ಅಂತ. ಆದ್ರೆ ನೀನು ಕೆಲಸ ಅಂತ ಹೋದ್ಮೇಲೆ ಅದನ್ನ ನೋಡ್ಕೊಂಡೋನು ಈ ಅಣ್ಣ. ಅಪ್ಪನ್ನ ನೋಡ್ಕೊಂಡ ಹಾಗೆ. ಹಳೇ ಆಪರೇಟಿಂಗ್ ಸಿಸ್ಟಂ ಹದಗೆಟ್ಟಿತ್ತು ಕಣೆ, ತನಗೆ ಬೇಕಂದಾಗ ಆಫ್ ಆಗೋದು. ಅದಕ್ಕೇ ಕಿತ್ತು ಬೇರೆ ಹಾಕಿದೆ.

ಯಾಕೆ ನಗ್ತೀಯ?

ಅಪ್ಪ ಹೋಗಿ ಇನ್ನೂ ವಾರ ಆಗಿಲ್ಲ, ಏನು ಅವಸರ ಅಂತಾನಾ? ಸುಮ್ನೆ ಕೂತ್ರೆ ತಲೆ ಕೆಡ್ತಿತ್ತು. ಏನಾದ್ರೂ ಕೆಲಸ ಬೇಕಿತ್ತು. ಹಾಕುವಾಗ ಅದು ಕೇಳ್ತು, ಎಲ್ಲಾ ಅಳಿಸ್ಲಾ ಅಂತ. ಹೂಂ ಅಂತ ಒತ್ತಿಬಿಟ್ಟೆ. ಎಲ್ಲಾ ಹೋಯ್ತು. ತೀರಿಹೋದ ಅಮ್ಮನ ಫೋಟೋನೂ ಹೋಯ್ತು. ನನಗೇನು ಸಂತೋಷಾನಾ?

ಬಿಡು, ಕೀಬೋರ್ಡ್ ಕುಟ್ಟಿ ಪ್ರಯೋಜನ ಇಲ್ಲ... ಏನು? ಸಿಸ್ಟಂ ಕೂರೋ ಡಿಸ್ಕೇ ಬೇರೇನಾ? ಅಳಿಸಿದ್ದು ಆ ಚಿಕ್ಕದನ್ನ ಮಾತ್ರಾನಾ? ಈ ಎರಡು ದೊಡ್ಡ ಡಿಸ್ಕಲ್ಲಿ ಇದ್ದದ್ದು ಇದ್ದ ಹಾಗೇ ಇದೆಯಾ...

ಒಳ್ಳೇದೇ ಆಯ್ತಲ್ಲ. ನಿಜವಾಗ್ಲೂ. ಬೆಳಗ್ಗೆಯಿಂದ ಹೊಟ್ಟೆಗೇನೂ ಬಿದ್ದಿಲ್ಲ ಕಣೆ.

ಅಗೋ ಅಮ್ಮ. ಮಹಡಿ ಮೇಲೆ ಬಟ್ಟೆ ಹಿಂಡ್ತಿದಾಳೆ, ನೀನು ಬಕೆಟ್ಟೊಳಗೆ ಕೂತಿದೀಯ. ಸಿಕ್ತಲ್ಲ, ಸಾಕು. ಮುಚ್ಚು. ಊಟ ಮಾಡೋಣ, ಏಳು.

ಅದನ್ನ ತೆಗೀಬೇಡ. ಅದು ಅಪ್ಪನ ಕೋಣೆ ಕ್ಯಾಮೆರಾದ್ದು. ಮಂಚದಿಂದ ಬಿದ್ದುಗಿದ್ದಾರು ಅಂತ ಇಟ್ಟದ್ದು. ಅದರಲ್ಲೇನಿರುತ್ತೆ? ಮಲಗಿರೋ ಮುದುಕ. ಅವತ್ತಿನದಂತೂ ಇರಲ್ಲ. ಅವತ್ತು... ಹೇಳಿದ್ನಲ್ಲ, ಔಷಧಿ ಅಂಗಡಿಗೆ ಹೋಗಿದ್ದೆ, ಬರೋಷ್ಟರಲ್ಲಿ ಎಲ್ಲಾ ಮುಗಿದಿತ್ತು. ಪಾಪ, ಉಸಿರು ಸಿಗದೆ ದಮ್ಮಿನ ಪಂಪಿಗೆ ಕೈ ಚಾಚಿದ್ರು. ಬೆರಳ ತುದಿ ತಾಗ್ತು ಕೂಡ, ಮತ್ತೆ ಜಾರ್ತು. ಇನ್ನೊಂಚೂರು ಹತ್ರ ಇದ್ದಿದ್ರೆ...

ಯಾಕೆ ಹಾಗೆ ನೋಡ್ತೀಯ?

ಅಂದ್ರೆ... ಚಾಚಿರಬೇಕು ಅಂದೆ. ನಿದ್ದೆಗೆಟ್ಟೋನಿಗೆ ಮಾತು ತಪ್ಪುತ್ತೆ ಕಣೆ. ನಿನಗೇನು ಗೊತ್ತು? ಫೋನಲ್ಲಿ ನೀನು ಅಪ್ಪನ್ನ ಚೆನ್ನಾಗಿ ನೋಡ್ಕೋ ಅಂತಿದ್ದೆ, ಮುಗೀತು. ಹೇಸಿಗೆ ಬಳಿದೋನು ನಾನು. ಬೈಸ್ಕೊಂಡೋನು ನಾನು. ಆ ಗೊರಗೊರ ಉಸಿರು ಕೇಳ್ತಾ ಗೋಡೆಗೆ ತಲೆ ಕೊಟ್ಟು ಕೂತೋನು ನಾನು. ಒಂದು ದಿನ, ಒಂದೇ ಒಂದು ದಿನ ಅದು ನಿಲ್ಲಲಿ ಅಂತ ಅನ್ನಿಸಿದ್ರೆ ಅದು ತಪ್ಪಾ?

ತೆಗೀಬೇಡ ಅಂದ್ರೂ ತೆಗೆದೇಬಿಟ್ಯಾ. ಬೈಯಿ ಬೇಕಾದ್ರೆ.

ಪುಟ್ಟಿ...

ಮಂಚದ ಪಕ್ಕ ಕುರ್ಚಿಯಲ್ಲಿ ಕೂತಿರೋದು ನಾನಲ್ಲ ಅಂದ್ರೆ ನಂಬ್ತೀಯಾ? ಇಲ್ಲ, ಅಲ್ವಾ.

ಸರಿ. ನೋಡೋದಾದ್ರೆ ನೋಡು. ಧ್ವನಿ ಮಾತ್ರ ಹಾಕ್ಬೇಡ.