ಸ್ಪಿನಾ ಘಾಟಿಯ ಹಂದಿಮೋರೆ

…ಅಲ್ಲಣ್ಣ, ಚೈನು ಆಮೇಲೆ ಒರೆಸಿದರಾಯ್ತು. ಮೊದಲು ಆ ಕಾಗದಕ್ಕೊಂದು ಸಹಿ ಹಾಕು. ಹನ್ನೆರಡಕ್ಕೆ ಪುರಸಭೆ ಬಾಗಿಲು ಮುಚ್ಚುತ್ತೆ, ಈಗಾಗಲೇ ಹತ್ತೂವರೆ. ಇಲ್ಲಿಂದ ಪೇಟೆಗೆ ಬರೀ ಇಳಿಜಾರು, ನಿನಗೆ ಹತ್ತು ನಿಮಿಷದ ದಾರಿ, ಒಪ್ಪಿದೆ. ಆದರೆ ಸೈಕಲ್ಲನ್ನ ಹೀಗೆ ತಲೆಕೆಳಗು ನಿಲ್ಲಿಸಿಕೊಂಡು, ಡೀಸೆಲ್ ಬಟ್ಟೆಯಲ್ಲಿ ಒಂದೊಂದೇ ಕೊಂಡಿ ತಿಕ್ಕುತ್ತ ಕೂತರೆ… ಅದು ಅಜ್ಜಿಯ ಜಪಮಾಲೆಯಲ್ಲ ಮಾರಾಯ.

ಓದೋದೇನಿದೆ ಅದರಲ್ಲಿ? ನಿನ್ನೆ ತೀರ್ಪುಗಾರ ಕೊಟ್ಟಾಗಲೇ ನಾನು ಓದಿದೆ. ಯಾಕೆ ನಗ್ತೀಯ? ಓದಿದೆ, ಎರಡು ಸಲ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಅಕ್ಷರ ಮರೆತುಹೋಗುತ್ತಾ? “ಭಾನುವಾರದ ಸೈಕಲ್ ಸ್ಪರ್ಧೆಯಲ್ಲಿ, ಸ್ಪಿನಾ ಘಾಟಿಯ ಒಂಬತ್ತನೇ ತಿರುವಿನಲ್ಲಿ, ಹಂದಿಯ ಮುಖವಾಡ ಹಾಕಿದ ವ್ಯಕ್ತಿ ನನ್ನ ಬೆನ್ನಿಗೆ ಕೈಯಿಟ್ಟು ನೂಕಿದ್ದು ನಿಜ. ಅವನು ಯಾರೋ ನನಗೆ ಗೊತ್ತಿಲ್ಲ.” ಕೆಳಗೆ ನಿನ್ನ ಸಹಿ, ಎವಾಸಿಯೊ ಅಂತ. ಅಷ್ಟೇ. ಆಮೇಲೊಂದು ಗೆರೆ, ಗೊತ್ತಿದ್ದರೆ ಅವನ ಹೆಸರು ಬರೆಯಬೇಕಂತೆ. ಅದನ್ನ ಖಾಲಿ ಬಿಡು.

ಗೊತ್ತಿಲ್ಲದವನು ನೂಕಿದರೆ ಹದಿನೈದು ಸೆಕೆಂಡು ಕಡಿತ. ನೀನು ಗೆದ್ದದ್ದು ಎಷ್ಟರಿಂದ? ಒಂದು ನಿಮಿಷ ಹತ್ತು ಸೆಕೆಂಡು. ಹದಿನೈದು ಕಳೆದರೂ ಎರಡನೆಯವನಾಗಿ ಬಂದ ಆ ರಿನಾಲ್ದೊ ನಿನ್ನ ಹಿಂದಿನ ಚಕ್ರವನ್ನೂ ಕಾಣಲ್ಲ. ಮನೆಯವನೋ ತಂಡದವನೋ ನೂಕಿದರೆ ಮಾತ್ರ ಪಟ್ಟಿಯಿಂದ ಹೆಸರೇ ಹೊಡೆದುಹಾಕೋದು. ತೊರಿನೊ ನಗರದಿಂದ ಬಂದಿರೋ ಆ ಸೈಕಲ್ ತಂಡದ ಮ್ಯಾನೇಜರು ಇನ್ನೂ ಹೊರಟಿಲ್ಲ, ಹೋಟೆಲಿನ ಮುಂದೆ ಕಾಫಿ ಕುಡೀತಾ ಕೂತಿದ್ದಾನೆ, ಈಗ ತಾನೇ ನೋಡಿಕೊಂಡು ಬಂದೆ. ಘಾಟಿ ಗೆದ್ದವನನ್ನ ತಂಡಕ್ಕೆ ಸೇರಿಸಿಕೊಳ್ತಾನೆ, ಎರಡನೆಯವನನ್ನಲ್ಲ. ಇಪ್ಪತ್ತಮೂರು ದಾಟಿದವನನ್ನೂ ಅಲ್ಲ. ನಿನಗೆ ಜನವರಿಗೆ ಎಷ್ಟು ತುಂಬುತ್ತೆ ಅಂತ ನಾನು ಹೇಳಬೇಕಾ?

ಹ್ಞೂಂ. ತಿಕ್ಕು, ತಿಕ್ಕು.

ನಾನಂತೂ ಸುಮ್ಮನೆ ಕೂತಿಲ್ಲಪ್ಪ. ಬೆಳಗ್ಗೆಯಿಂದ ಊರೆಲ್ಲ ಸುತ್ತಿ ಒಬ್ಬೊಬ್ಬನ ಮುಖ ನೋಡಿಕೊಂಡು ಬಂದೆ. ಆ ಹಂದಿಮೋರೆ ಕಾರ್ನಿವಲ್ ಹಬ್ಬದ್ದು, ವೈನ್ ಸಂಘದ ನೆಲಮಾಳಿಗೆಯಲ್ಲಿ ಪೀಪಾಯಿಗಳ ಹಿಂದೆ ನೇತುಹಾಕಿರ್ತಾರೆ, ಕೀಲಿ ಬಾಗಿಲ ಪಕ್ಕದ ಮೊಳೆಯಲ್ಲೇ ಇರುತ್ತೆ. ಯಾರು ಬೇಕಾದರೂ ತಗೋಬಹುದು. ಅಂದರೆ ಯಾರನ್ನ ಬೇಕಾದರೂ ಅನುಮಾನಿಸಬಹುದು. ಮೊದಲನೆಯವನು ಕಟುಕ ಸೆಕೊಂದೊ. ಅವನಂಗಡಿಗೆ ಹೋದೆ. ಅಣ್ಣ ಹೇಗಿದ್ದಾನೆ ಅಂತ ಕೇಳಿದ. ದನಿ ಎಷ್ಟು ಮೆತ್ತಗಿತ್ತು ಅಂದರೆ, ಸತ್ತವರ ಮನೆಗೆ ಬಂದವನ ಹಾಗೆ. ಆಮೇಲೆ ಎರಡು ತುಂಡು ಸಲಾಮಿ ಹೆಚ್ಚಿಗೆ ಕೊಯ್ದು ಹಾಕಿದ. ನೀನೇ ಹೇಳು, ಸೆಕೊಂದೊ ಹುಟ್ಟಿದಾಗಿಂದ ಯಾರಿಗಾದರೂ ಎರಡು ತುಂಡು ಹೆಚ್ಚಿಗೆ ಕೊಟ್ಟಿದ್ದಾನಾ? ತಕ್ಕಡಿ ಮೇಲೆ ಹೆಬ್ಬೆರಳಿಟ್ಟು ತೂಗೋ ಆಸಾಮಿ. ತಪ್ಪು ಮಾಡದವನು ಯಾಕೆ ಕೊಡ್ತಾನೆ?

ಇನ್ನೊಬ್ಬ ರಿನಾಲ್ದೊನ ಅಪ್ಪ. ಅವನು ಪಕ್ಕದೂರಿಂದ ಬೆಳಗ್ಗೆ ಬೆಳಗ್ಗೆನೇ ಇಳಿದಿದ್ದಾನೆ, ದ್ರಾಕ್ಷಿ ಬುಟ್ಟಿ ಕೊಳ್ಳೋಕಂತೆ. ಕೊಯ್ಲಿಗೆ ಇನ್ನೂ ಎರಡು ವಾರ ಇದೆ. ನನ್ನನ್ನ ನೋಡಿ ಟೋಪಿ ತೆಗೆದ. ನನಗೆ! ಹೋದ ವರ್ಷ ಅವನ ಮೇಕೆಗೆ ಹಳದಿ ಜೆರ್ಸಿ ತೊಡಿಸಿ ಮೆರವಣಿಗೆ ಮಾಡಿದ್ದಕ್ಕೆ ಕೋಲು ಹಿಡಿದು ಅಟ್ಟಿಸಿಕೊಂಡು ಬಂದಿದ್ದವನು, ಈಗ ಟೋಪಿ ತೆಗೀತಾನೆ. ಏನೋ ಇದೆ ಅಣ್ಣ. ಪಾದ್ರಿಗಳನ್ನೂ ನಾನು ಪೂರ್ತಿ ಬಿಟ್ಟಿಲ್ಲ. ಸವಾರರ ಹೆಸರು ಬರೆಯೋ ಹಾಗೆ ರಸ್ತೆ ಮೇಲೆ ಸುಣ್ಣದಲ್ಲಿ ಅವರ ಹೆಸರು ಬರೆದು, ಪಕ್ಕದಲ್ಲಿ ‘ಕುಡಿ, ಏರು, ಕುಡಿ’ ಅಂತ ಬರೆದಿದ್ದೆನಲ್ಲ, ಅದನ್ನ ಅವರು ಮರೆತಿರೋ ಹಾಗೆ ಕಾಣಲ್ಲ.

ನೀನು ಮತ್ತೆ ಕೆಮ್ಮಿದೆ. ನೋಡು, ಎದೆ ಹಿಡ್ಕೊಂಡಿದೆ. ಗಾಳಿ ತಡೆಯೋಕೆ ಜೆರ್ಸಿಯೊಳಗೆ ಪತ್ರಿಕೆ ಇಟ್ಟುಕೊಳ್ಳದೆ ಆ ಚಳಿಯಲ್ಲಿ ಘಾಟಿ ಇಳಿದರೆ ಇನ್ನೇನಾಗುತ್ತೆ?

ನಾನಾ? ನಾನು ಮೇಲೆ ಘಾಟಿಯ ತುದಿಯ ಶಿಲುಬೆಯ ಹತ್ತಿರವೇ ನಿಂತಿದ್ದೆ. ಪತ್ರಿಕೆ ಮಡಚಿ ಕೈಲಿ ಹಿಡಿದುಕೊಂಡೇ. ಪ್ರತಿ ವರ್ಷ ನಾನೇ ಅಲ್ವಾ ನಿನಗೆ ಕೊಡೋದು? ನೀನು ಎಷ್ಟು ಜೋರಾಗಿ ಹೋದೆ ಅಂದರೆ ಕೈ ಚಾಚೋಷ್ಟರಲ್ಲಿ… ಮಂಜು ಬೇರೆ. ಕೆಳಗೆ ದ್ರಾಕ್ಷಿ ಸಾಲುಗಳಲ್ಲಿ ಬೆವರು ಸುರಿಯೋ ಬಿಸಿಲು, ಮೇಲೆ ತನ್ನ ಕಾಲು ತನಗೆ ಕಾಣದಷ್ಟು ಮಂಜು. ನಿಧಾನ ಮಾಡಿ ಹುಡುಕಿದೆಯಾ ನನ್ನನ್ನ? ಇರಲಿಲ್ಲ ಅಂತ ಹೇಗೆ ಹೇಳ್ತೀಯ? ಮಂಜಲ್ಲಿ ಇರೋರೂ ಇರಲ್ಲ, ಇಲ್ಲದೋರೂ ಇರ್ತಾರೆ.

ಬಿಡು ಅದನ್ನ. ವಿಷಯ ಏನು ಅಂದರೆ, ಬೇಕಂತಲೇ ಮಾಡಿದ್ದಾರೆ. ಇಲ್ಲಾಂದರೆ ಮುಂದಿರೋನ ಬೆನ್ನಿಗೆ ಯಾರಾದರೂ ಕೈ ಹಚ್ತಾರಾ? ಕೊನೆಯಲ್ಲಿ ಏದುಸಿರು ಬಿಡ್ತಾ ಬರ್ತಾರಲ್ಲ, ಹೊಟ್ಟೆ ಬಂದ ಅಂಚೆಯವನು, ಆ ದಂತವೈದ್ಯ, ಅವರನ್ನ ನೂಕೋದು ಆ ತಿರುವಿನವರ ಧರ್ಮ. ನಾನೇ ಎಷ್ಟು ಜನರನ್ನ ನೂಕಿಲ್ಲ, ಹತ್ತು ವರ್ಷದವನಾಗಿದ್ದಾಗಿಂದ. ತೀರ್ಪುಗಾರರೂ ಆಗ ಆಕಾಶ ನೋಡ್ತಾರೆ. ಮುಂದಿನವರನ್ನ ಮಾತ್ರ ಮುಟ್ಟೋ ಹಾಗಿಲ್ಲ, ಇದು ತೊಟ್ಟಿಲ ಕೂಸಿಗೂ ಗೊತ್ತು. ಅಂಥದ್ದರಲ್ಲಿ ಆ ಹಂದಿ ನಲವತ್ತು ಹೆಜ್ಜೆ ನೂಕಿಕೊಂಡು ಓಡಿದೆ. ನೀನು ಬೇಡ ಅಂದರೂ ಬಿಟ್ಟಿಲ್ಲ. ‘ಕೈ ತೆಗಿ, ಕೈ ತೆಗಿ’ ಅಂತ ನೀನು ಎರಡು ಸಲ ಅಂದೆ, ಆದರೂ…

ಯಾಕೆ ನಿಲ್ಲಿಸಿದೆ? ತಿಕ್ಕು.

ಯಾರೋ ಹೇಳಿದರು. ಆ ತಿರುವಿನಲ್ಲಿ ನಿಂತಿದ್ದ ಯಾರೋ. ಫೋಟೋದವನ ಮೋಟರ್‌ಸೈಕಲ್ ಸದ್ದಿನಲ್ಲಿ ಕೇಳಿಸೋಕೆ ಸಾಧ್ಯವಿಲ್ಲವಾ? ಯಾಕಿಲ್ಲ, ಕೆಲವರ ಕಿವಿ ಚುರುಕಾಗಿರುತ್ತೆ. ತುಟಿ ನೋಡಿ ತಿಳ್ಕೊಂಡಿರಬಹುದು. ಸೆಕೊಂದೊನ ಹೆಂಡತಿ… ಹ್ಞಾಂ, ಅವಳೇ. ಅವಳಿಗೆ ಎಲ್ಲರ ತುಟಿ ನೋಡೋದೇ ಕೆಲಸ.

ನನ್ನನ್ನ ಹಾಗೆ ಯಾಕೆ ನೋಡ್ತೀಯ? ಅನುಮಾನ ಪಡಬೇಕಾದವನು ನಾನು. ನಿನ್ನೆಯಿಂದ ನೀನು ನೀನಾಗಿಲ್ಲ. ಅಮ್ಮ ಸೂಪು ಇಟ್ಟಳು, ಬಟ್ಟಲು ಹಾಗೇ ತಣ್ಣಗಾಯ್ತು. ಊರಿನವರು ಹೆಗಲ ಮೇಲೆ ಹೊತ್ತು ಕುಣೀತಿದ್ದರೂ ನಿನ್ನ ಮುಖದಲ್ಲಿ ನಗು ಇರಲಿಲ್ಲ. ತೀರ್ಪುಗಾರ ಆ ಹಂದಿಮೋರೆಯ ಫೋಟೋ ತೋರಿಸೋಕೂ ಮೊದಲೇ ಇರಲಿಲ್ಲ, ನಾನು ನೋಡಿದ್ದೀನಿ. ಏನು ನಿನ್ನ ಮನಸ್ಸಲ್ಲಿ? ಸಹಿ ಹಾಕೋಕೆ ಯಾಕೆ ಕೈ ಬರ್ತಿಲ್ಲ? ಯಾರಾದರೂ ಬೆದರಿಸಿದ್ದಾರಾ? ರಿನಾಲ್ದೊನ ಅಪ್ಪ ಬಂದು ಹೋದನಾ ಇಲ್ಲಿಗೆ?

ಕೊಡಿಲ್ಲಿ. ನಿನ್ನ ಸಹಿ ನಾನೇ ಹಾಕ್ತೀನಿ. ಮಾರ್ಕ್ಸ್ ಕಾರ್ಡಿಗೆ ಐದು ವರ್ಷ ಅಪ್ಪನ ಸಹಿ ಹಾಕಿದ ಕೈ ಇದು, ಅಪ್ಪನಿಗೇ ವ್ಯತ್ಯಾಸ ಗೊತ್ತಾಗಿರಲಿಲ್ಲ. ಆ ಡಬ್ಬಿ ಎತ್ತು, ಗ್ರೀಸ್ ಮೆತ್ತಿಕೊಂಡೀತು… ಹ್ಞಾಂ. ಪೆನ್ನು ಎಲ್ಲಿ…

ಇದೇನಿದು.

ಇದನ್ನ ಯಾವಾಗ ಬರೆದೆ?

ಶಾಯಿ ಒಣಗಿದೆ. ಅಂದರೆ ನಾನು ಬರೋಕೆ ಮೊದಲೇ… ನಾನು ಸೆಕೊಂದೊ, ಸಲಾಮಿ, ಟೋಪಿ ಅಂತೆಲ್ಲ ಬಾಯಿ ಬಡ್ಕೊಳ್ತಿದ್ದಾಗ ನೀನು ಆಗಲೇ ಇದನ್ನ ಬರೆದು ಮಡಚಿಟ್ಟು, ಚೈನು ತಿಕ್ಕುತ್ತ ಕೂತಿದ್ದೆ. ‘ಗೊತ್ತಿಲ್ಲ’ ಅನ್ನೋದನ್ನ ಹೊಡೆದುಹಾಕಿದ್ದೀಯ. ಗೆರೆಯ ಮೇಲೆ ದುಂಡಗೆ ಬರೆದಿದ್ದೀಯ. ದಾಲ್ಮಾತ್ಸೊ, ನನ್ನ ತಮ್ಮ.

ದನಿಯಿಂದ ಗೊತ್ತಾಯ್ತಾ? ಕೈಯಿಂದಲಾ? ಆಗಲೇ ಗೊತ್ತಾಯ್ತು ಅಲ್ವಾ, ಆ ತಿರುವಿನಲ್ಲೇ. ಗೊತ್ತಿದ್ದೂ ಉಳಿದ ಮೂರು ತಿರುವು ಹತ್ತಿ, ಎದೆಗೆ ಪತ್ರಿಕೆ ಇಲ್ಲದೆ ಇಳಿದು, ಗೆದ್ದು… 

ಅಣ್ಣ, ಹರಿದುಹಾಕೋಣ ಇದನ್ನ. ಓಡಿಹೋಗಿ ಇನ್ನೊಂದು ಕಾಗದ ತರ್ತೀನಿ. ಯಾರಿಗೂ ತಿಳಿಯಲ್ಲ, ಫೋಟೋದಲ್ಲಿ ಮೋರೆ ಮಾತ್ರ ಇದೆ. ಒಂದೇ ಒಂದು ಸುಳ್ಳು. ನಾನು ದಿನಕ್ಕೆ ಹದಿನೈದು ಹೇಳ್ತೀನಿ, ಏನೂ ಆಗಲ್ಲ ಅದರಿಂದ.

ಬೇಡವಾ.

ಹಾಗಾದರೆ ಬೈದಾದರೂ ಬಿಡು. ಹೊಡಿ, ಆ ಪಂಪು ಅಲ್ಲೇ ಇದೆ. ಹೀಗೆ ನೋಡಬೇಡ.

ಬೇಕಂತಲೇ ಮಾಡಿದ್ದಾ ಅಂತ ತಾನೇ ನಿನ್ನ ಅನುಮಾನ? ನೀನು ತೊರಿನೊಗೆ ಹೋದರೆ ಈ ಕಡಿದಾದ ದ್ರಾಕ್ಷಿ ಸಾಲುಗಳಿಗೆಲ್ಲ ಅಪ್ಪನ ಜೊತೆ ನಾನೊಬ್ಬನೇ ಬೆನ್ನು ಬಗ್ಗಿಸಬೇಕು, ಅದಕ್ಕೇ ಕೆಡಿಸಿದ ಅಂತ. ಹೌದು, ಹಾಗೇ ಇಟ್ಟುಕೋ. ಹೊಟ್ಟೆಕಿಚ್ಚು. ಮಾಡಿದೆ, ಏನೀಗ? ಎಲ್ಲ ತಮ್ಮಂದಿರಿಗೂ ಇರುತ್ತೆ. ಇನ್ನು ಮಾತು ಮುಗೀತು.

ಯಾಕೆ ತಲೆ ಆಡಿಸ್ತೀಯ? ಅದಲ್ಲ ಅಂತ ನಿನಗೆ ಹೇಗೆ ಗೊತ್ತು?

ಹೊಟ್ಟೆಕಿಚ್ಚು ಅಂದೆನಲ್ಲ.

…

ನಾನು ನಿದ್ದೆ ಹೋಗಿಬಿಟ್ಟಿದ್ದೆ, ಅಣ್ಣ. ಬೆಳಗ್ಗೆಯೇ ಮೇಲೆ ಹೋಗಿದ್ದೆವು, ಹುಡುಗರ ಜೊತೆ. ದೊಲ್ಚೆತ್ತೊ ವೈನು ಎರಡು ಬಾಟಲಿ ಇತ್ತು. ಮೋರೆ ಹಾಕಿಕೊಂಡೇ ಗೋಡೆಗೆ ಒರಗಿದೆ, ಒಳಗೆ ಬೆಚ್ಚಗಿತ್ತು. ಅವರೆಲ್ಲ ನನ್ನನ್ನ ಬಿಟ್ಟು ಮೇಲಿನ ತಿರುವಿಗೆ ಹೋಗಿದ್ದಾರೆ, ಅದೂ ಗೊತ್ತಿಲ್ಲ. ಎಚ್ಚರವಾದದ್ದು ಕಾರಿನ ಸದ್ದಿಗೆ. ಎದ್ದು ನಿಲ್ಲೋಷ್ಟರಲ್ಲಿ ಕಾರು ದಾಟಿಹೋಗಿತ್ತು, ಎಲ್ಲರೂ ಹೋದ ಮೇಲೆ ಕೊನೆಗೆ ಬರೋ ಕಾರು ಅಂದುಕೊಂಡೆ. ರಸ್ತೆ ಖಾಲಿ. ಆ ಮಂಜಿನಲ್ಲಿ ಕೆಳಗಿನಿಂದ ನೀನೊಬ್ಬನೇ ಬಂದೆ, ಸೈಕಲ್ಲು ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಾಡ್ತಾ, ಬಾಯಿ ತೆರ್ಕೊಂಡು. ಹಿಂದೆ ಯಾರೂ ಇಲ್ಲ. ಮುಂದೆಯೂ ಯಾರೂ ಇಲ್ಲ.

ನಾನು ಅತ್ತೆ ಕಣಣ್ಣ, ಆ ಹಂದಿಮೋರೆಯೊಳಗೆ. ಎಲ್ಲರೂ ಹೋಗಿಬಿಟ್ಟಿದ್ದಾರೆ, ನಮ್ಮಣ್ಣ ಕೊನೆಯವನಾಗಿ ಉಳಿದಿದ್ದಾನೆ ಅಂತ. ಅಂಚೆಯವನಿಗಿಂತ ಹಿಂದೆ. ಊರಿನವರು ನೋಡೋದರೊಳಗೆ ಇವನನ್ನ ಮೇಲೆ ಮುಟ್ಟಿಸಬೇಕು ಅಂತ ಓಡಿಬಂದು ಕೈ ಹಚ್ಚಿದೆ. ಫೋಟೋದವನ ಮೋಟರ್‌ಸೈಕಲ್ಲು ಮಂಜಿನಿಂದ ಹೊರಬಂದದ್ದು ಆಮೇಲೆ. ನೀನು ‘ಕೈ ತೆಗಿ’ ಅಂದಾಗ, ಪಾಪ, ನಾಚಿಕೆ ಪಡ್ತಿದ್ದಾನೆ ಅಂದುಕೊಂಡೆ.

ನೀನು ಮೊದಲನೆಯವನಿರಬಹುದು ಅಂತ… ಅದು ನನ್ನ ತಲೆಗೆ ಬರಲೇ ಇಲ್ಲ.