ತೊಟ್ಟಿಲು ತೂಗಿ ನಡೆದದ್ದು

ರಕ್ತ ಪರೀಕ್ಷೆಯ ಕೋಣೆಯ ಮುಂದೆ ತನ್ನ ಸರದಿಗೆ ಕಾಯುತ್ತಿದ್ದ ದರ್ಜಿಗೆ, ಪಕ್ಕದಲ್ಲಿ ಕೂತ ಅಜ್ಜಿ ಮತ್ತು ಗುಂಡಗಿದ್ದ ಮೊಮ್ಮಗಳ ಪಿಸುಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು.

“ಅಜ್ಜಿ, ಸೂಜಿ ದೊಡ್ಡದಿರುತ್ತಾ?”

“ಇರಬಹುದು. ಇಷ್ಟೆಲ್ಲ ನಡೆದ್ರೂ ತೂಕ ಏರ್ತಿದೆ, ಒಳಗೇನೋ ಕಾಯಿಲೆ ಇರ್ಬೇಕು ಅಂತಾರೆ ಡಾಕ್ಟ್ರು.”

“ನಾನೆಲ್ಲಿ ನಡೆದೆ? ಹೆಜ್ಜೆ ಎಣಿಸೋ ವಾಚು ನಿನ್ನ ಕೈಲಿತ್ತು.”

“ಮೆಲ್ಲಗೆ ಮಾತಾಡೇ! ನಾನೂ ನಡೀಲಿಲ್ಲ. ಕೂತಲ್ಲೇ ನಿನ್ನ ತಮ್ಮನ ತೊಟ್ಟಿಲು ತೂಗಿದೆ. ವಾಚು ಅದನ್ನೇ ನಡಿಗೆ ಅಂದ್ಕೊಳ್ತು.”

“ಅಮ್ಮ ಮೊಬೈಲಲ್ಲಿ ಹೆಜ್ಜೆ ಲೆಕ್ಕ ನೋಡಿ ಎಷ್ಟು ಹಿಗ್ಗಿದ್ಲು!”

“ನೀನು ಕಳಿಸ್ತಿದ್ದ ಊಟದ ತಟ್ಟೆ ಫೋಟೋ ನೋಡಿ, ಕಮ್ಮಿ ತಿಂತಿದಾಳೆ ಅಂತಾನೂ ಹಿಗ್ಗಿದ್ಲು. ಎರಡನೇ ಸಲ ಬಡಿಸಿದ್ದರ ಫೋಟೋ ಎಲ್ಲಿ ತೆಗೆದೆ?”

“ಬಡಿಸಿದ್ದು ನೀನೇ.”

“ಬೇಡ ಅಂದಿದ್ಯಾ?”

ಒಳಗಿನಿಂದ ನರ್ಸು ಹುಡುಗಿಯ ಹೆಸರು ಕರೆದಳು. ಹುಡುಗಿ ಅಜ್ಜಿಯ ಕೈಯನ್ನು ಗಟ್ಟಿಯಾಗಿ ಹಿಡಿದಳು.

“ಡಾಕ್ಟ್ರಿಗೆ ನಿಜ ಹೇಳಿಬಿಡೋಣ ಅಜ್ಜಿ.”

“ನಡಿ ಹಾಗಾದ್ರೆ. ಮೇಲಿನ ಮಹಡೀಲಿದಾರೆ.”

“ಲಿಫ್ಟು ಆ ಕಡೆ.”

ಅಜ್ಜಿ ಸೆರಗಿನ ಮರೆಯಲ್ಲಿದ್ದ ವಾಚು ಬಿಚ್ಚಿ ಮೊಮ್ಮಗಳ ಕೈಗೆ ಕಟ್ಟಿದಳು.

“ಮೆಟ್ಟಿಲು ಈ ಕಡೆ. ಇಷ್ಟು ಹೆಜ್ಜೆಯಾದ್ರೂ ನಿನ್ನದಾಗ್ಲಿ.”

ಇಬ್ಬರೂ ಹತ್ತಿದರು. ಮೊದಲ ತಿರುವಿನಲ್ಲೇ ಗೋಡೆ ಹಿಡಿದು ನಿಂತವಳು ಮಾತ್ರ ಅಜ್ಜಿ.