ತಿಳಿದಿಲ್ಲ ಎಂದ ದಾನೇಶ್ವರಿ

ಒಂದೂರಲ್ಲಿ ಒಬ್ಬ ಜಾಣೆ ಇದ್ದಳು. ಸ್ವಾಮಿಗಳು ಇವತ್ತಿನ ಪ್ರವಚನದಲ್ಲೂ ಶ್ರೀಮಂತನ ಕಥೆಯನ್ನೇ ಹೇಳುತ್ತಾರೆ ಅಂದುಕೊಂಡಿರಾ? ಇಲ್ಲ, ಇವತ್ತು ಜಾಣೆಯ ಕಥೆ.

ಹೆಸರು ದಾನೇಶ್ವರಿ. ತಾಯಿ ಶಾಂತವ್ವ ಊರಿನಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದಳು. ಮಗಳು ಪಿಯುಸಿಯಲ್ಲಿ ತಾಲ್ಲೂಕಿಗೇ ಮೊದಲು ಬಂದಳು. ನೋಡಿ, ಗಿರಣಿ ಎಂದರೆ ದಿನವೂ ಊರ ಮಂದಿ ಬಂದು ಹೋಗುವ ಜಾಗ. ಜೋಳ ಬೀಸಿಸಿಕೊಂಡವರು ಹಿಟ್ಟಿನ ಜೊತೆಗೆ ಆ ಸುದ್ದಿಯನ್ನೂ ಮನೆಗೆ ಒಯ್ದರು. ವಾರದೊಳಗೆ ಅವಳು ಊರಿಗೆಲ್ಲ 'ಇಂಜಿನಿಯರ್ ದಾನವ್ವ' ಆಗಿಬಿಟ್ಟಳು. ಇನ್ನೂ ಕಾಲೇಜಿನ ಬಾಗಿಲನ್ನೇ ಕಂಡಿರಲಿಲ್ಲ!

ದೂರದ ದೊಡ್ಡ ಊರಿನ ಕಾಲೇಜಿನಲ್ಲಿ ಸಿವಿಲ್ ಇಂಜಿನಿಯರಿಂಗ್ ಸೀಟು ಸಿಕ್ಕಿತು. ಮೊದಲ ದಿನ ಪಕ್ಕದಲ್ಲಿ ಕುಳಿತವಳನ್ನು ಮಾತನಾಡಿಸಿದರೆ, ಅವಳೂ ತನ್ನ ಕಾಲೇಜಿಗೆ ಮೊದಲು. ಹಿಂದೆ ಕುಳಿತ ಸುಹೇಲ್ ಜಿಲ್ಲೆಗೇ ಮೊದಲು. ಅರವತ್ತು ಜನ, ಅರವತ್ತೂ ಮೊದಲು! ಇನ್ನು ಅಲ್ಲಿ ಮೊದಲಿಗರು ಯಾರು, ಹೇಳಿ?

ಪಾಠವೆಲ್ಲ ಇಂಗ್ಲಿಷಿನಲ್ಲಿ, ಓಡುವ ಇಂಗ್ಲಿಷಿನಲ್ಲಿ. ಅದನ್ನಾದರೂ ಹೇಗೋ ಹಿಡಿಯುತ್ತಿದ್ದಳು. ಅವಳನ್ನು ಕೆಡವಿದ್ದು ಇಂಜಿನಿಯರಿಂಗ್ ಡ್ರಾಯಿಂಗ್. ಒಂದು ವಸ್ತು ಮುಂದಿನಿಂದ ಹೇಗೆ ಕಾಣುತ್ತದೆ, ಮೇಲಿನಿಂದ ಹೇಗೆ, ಪಕ್ಕದಿಂದ ಹೇಗೆ ಎಂದು ಮೂರು ಚಿತ್ರ ಬರೆಯಬೇಕು. ಹಿಂದೆ ಮರೆಯಾಗಿರುವ ಅಂಚನ್ನೂ ತುಂಡು ತುಂಡು ಗೆರೆಯಿಂದ ತೋರಿಸಬೇಕು. ದಾನೇಶ್ವರಿಗೆ ಗೆರೆಗಳು ಕಾಣುತ್ತಿದ್ದವು, ವಸ್ತು ಕಾಣುತ್ತಿರಲಿಲ್ಲ. ಮೇಷ್ಟ್ರು ಕಟಗೇರಿ ಸರ್ "ತಿಳೀತೇನ್ರೋ?" ಎಂದು ಕೇಳುತ್ತಿದ್ದರು. ಅರವತ್ತು ತಲೆಗಳು ಅಲ್ಲಾಡುತ್ತಿದ್ದವು. ಇವಳದೂ ಅಲ್ಲಾಡುತ್ತಿತ್ತು. ತಾಲ್ಲೂಕಿಗೆ ಮೊದಲು ಬಂದ ತಲೆಯಲ್ಲವೇ, ಅಲ್ಲಾಡದೆ ಇರಲಾದೀತೇ?

ಮೊದಲ ಪರೀಕ್ಷೆಯಲ್ಲಿ ಇಪ್ಪತ್ತೈದಕ್ಕೆ ನಾಲ್ಕು ಬಂತು. ಅಂದೇ ತಾಯಿಯ ಫೋನು.

"ಪರೀಕ್ಷಾ ಹೆಂಗಾತವಾ?"

"ಚಲೋ ಆಗೇತಿ ಯವ್ವಾ."

"ಎಷ್ಟ್ ಬಂದ್ವು?"

"ಇನ್ನೂ ಹೇಳಿಲ್ಲ."

ಆ ಮಗು ಹುಟ್ಟಿದಾಗಿನಿಂದ ತಾಯಿಗೆ ಸುಳ್ಳು ಹೇಳಿದವಳಲ್ಲ. ಅಂದು ಹೇಳಿದಳು. ಆಮೇಲೆ ಹಾಸ್ಟೆಲಿನ ಊಟವನ್ನು ಅರ್ಧಕ್ಕೇ ಬಿಟ್ಟು ಏಳತೊಡಗಿದಳು. ಒಂದು ದಿನ ಬಟ್ಟೆ ಮಡಚಿ ಬ್ಯಾಗಿಗೆ ತುಂಬಿಯೇಬಿಟ್ಟಳು. ಶುಕ್ರವಾರ ಕೊಡಬೇಕಾದ ಡ್ರಾಯಿಂಗ್ ಶೀಟು ಕೊಟ್ಟು, ಶನಿವಾರ ಊರಿಗೆ ಹೋಗಿ 'ನನಗೆ ಈ ಓದು ಬೇಡ' ಎನ್ನುವುದು ಅವಳ ಲೆಕ್ಕಾಚಾರ. ಆ ಶೀಟನ್ನು ಕೂಡ ರೂಮಿನ ಗೆಳತಿ ಸಮೀಕ್ಷಾಳದು ನೋಡಿ ಗೆರೆಗೆ ಗೆರೆ ಇಳಿಸಿದಳು. ಸಮೀಕ್ಷಾ ಬೆಂಗಳೂರಿನ ಹುಡುಗಿ, ಪಟಪಟ ಇಂಗ್ಲಿಷ್ ಮಾತಾಡುವವಳು. ಅವಳಿಗೆ ತಿಳಿಯದೆ ಇರುತ್ತದೆಯೇ?

ಶುಕ್ರವಾರ ಕಟಗೇರಿ ಸರ್ ಶೀಟುಗಳ ಕಟ್ಟು ಬಿಚ್ಚಿದರು. ಮೇಲಿದ್ದದ್ದೇ ದಾನೇಶ್ವರಿಯ ಶೀಟು.

"ಚಿತ್ರದಾಗಿನ ಈ ದಿಮ್ಮಿ ಹಿಂದ ಕೊರದ ಒಂದ್ ಕಚ್ಚು ಐತಿ. ಅದರ ಗೆರಿ ಎಲ್ಲೈತಿ ತಂಗಿ?"

ಎದ್ದು ನಿಂತಳು. ನೋಡಿ, 'ಮರೆತೆ ಸರ್' ಎಂದಿದ್ದರೆ ಮುಗಿಯುತ್ತಿತ್ತು. ನಾವು ನೀವಾಗಿದ್ದರೆ ಹಾಗೇ ಹೇಳುತ್ತಿದ್ದೆವು. ಆದರೆ ಆರು ವಾರ ತಲೆಯಾಡಿಸಿ ಆ ಹುಡುಗಿಗೆ ಸಾಕಾಗಿಹೋಗಿತ್ತು. ಹೇಗೂ ನಾಳೆ ಹೋಗುವವಳು.

"ಮರತಿಲ್ರಿ ಸರ್. ಅಲ್ಲಿ ಗೆರಿ ಬರ್ತೈತಿ ಅನ್ನೂದ ನನಗ ಗೊತ್ತಿಲ್ರಿ. ಬ್ಯಾರೆಯವ್ರದ ನೋಡಿ ಬರದೀನಿ. ನನಗ ಮೊದಲನೇ ದಿನದಿಂದ ಏನೂ ತಿಳಿದಿಲ್ರಿ."

ಅಷ್ಟರಲ್ಲಿ ಪಕ್ಕದಲ್ಲಿ ಬೆಂಚು ಸರಿಯಿತು. ಸಮೀಕ್ಷಾ ಎದ್ದಿದ್ದಳು.

"ಸರ್, ಅವಳು ನೋಡಿದ್ದು ನನ್ ಶೀಟ್. ನಾನು ಸುಹೇಲ್‌ದು ನೋಡ್ಕೊಂಡು ಬರ್ದೆ. ನಂಗೂ ಏನೂ ಅರ್ಥ ಆಗಿಲ್ಲ."

ಸುಹೇಲ್ ತಲೆ ಕೆರೆದುಕೊಳ್ಳುತ್ತ ಎದ್ದ. "ನಾನು ಸೀನಿಯರ್ದು ನೋಡಿ ಬರ್ದೀನಿ ಸರ್."

ಸರ್ ಎಲ್ಲ ಶೀಟುಗಳನ್ನೂ ಮೇಜಿನ ಮೇಲೆ ಹರಡಿದರು. ಐವತ್ತೊಂದು ಶೀಟುಗಳಲ್ಲಿ ಅದೇ ಗೆರೆ ಇಲ್ಲ! ಬೈಯುತ್ತಾರೆ ಎಂದು ಎಲ್ಲರೂ ತಲೆ ತಗ್ಗಿಸಿದರು. ಸರ್ ಮಾತ್ರ ಕುರ್ಚಿಯಲ್ಲಿ ಕುಸಿದು ಕುಳಿತರು.

"ಅಲ್ರೋ, ತಿಳೀತೇನು ಅಂದಾಗ ಎಲ್ಲಾರೂ ತಲಿ ಅಲ್ಲಾಡಿಸಿದ್ರಲ್ಲೋ! ನಂದೂ ತಪ್ಪೈತಿ ಬಿಡ್ರಿ. ನಾ ನಿಮ್ ತಲಿ ಅಷ್ಟ ನೋಡಿದೆ, ಮಾರಿ ನೋಡಲಿಲ್ಲ. ನಾಳೆ ಎಲ್ಲಾರೂ ಒಂದೊಂದ್ ಬಟ್ಟೆ ಸೋಪು ತಗೊಂಡ್ ಬರ್ರಿ."

ಸೋಪು ಯಾಕೆ ಎಂದು ನೋಡುವುದಕ್ಕಾಗಿಯೇ ದಾನೇಶ್ವರಿ ಶನಿವಾರದ ಬಸ್ಸು ಬಿಟ್ಟಳು. ಸರ್ ಚಾಕು ಕೊಟ್ಟು, ಚಿತ್ರದಲ್ಲಿದ್ದ ದಿಮ್ಮಿಯನ್ನೇ ಸೋಪಿನಲ್ಲಿ ಕೊರೆಸಿದರು. ಅವಳು ಹಿಂದುಗಡೆ ಕಚ್ಚು ಕೊರೆದು, ಕಿಟಕಿಯ ಬೆಳಕಿಗೆ ಹಿಡಿದಳು. ಮುಂದಿನಿಂದ ನೋಡಿದಳು: ಕಚ್ಚು ಕಾಣಲಿಲ್ಲ. ತಿರುಗಿಸಿದಳು: ಕಂಡಿತು. ಮತ್ತೆ ತಿರುಗಿಸಿದಳು.

"ಏ, ಇಲ್ಲೇ ಐತಲಾ ಇದು!"

ಅರವತ್ತು ಜನ ನಕ್ಕರು. ಅವಳೂ ನಕ್ಕಳು, ಆರು ವಾರದಲ್ಲಿ ಮೊದಲ ಸಲ.

ಮಧ್ಯಾಹ್ನ ಅವಳೇ ತಾಯಿಗೆ ಫೋನು ಮಾಡಿದಳು. ಆ ಕಡೆ ಗಿರಣಿಯ ಗದ್ದಲ.

"ಯವ್ವಾ, ನಾಲ್ಕ ಬಂದಾವು. ಇಪ್ಪತ್ತೈದಕ್ಕ ನಾಲ್ಕ. ನಿನಗ ಸುಳ್ಳ ಹೇಳಿದ್ದೆ. ನನಗೇನೂ ತಿಳಿದಿದ್ದಿಲ್ಲ."

"ತಡಿ, ಕೇಳವಲ್ದು." ಬುಟ್ಟಿ ಹಿಡಿದ ಮಂದಿ ಸಾಲಿನಲ್ಲಿ ನಿಂತಿದ್ದಾರೆ. ಶಾಂತವ್ವ ಗಿರಣಿ ಬಂದ್ ಮಾಡಿದಳು. "ಈಗ ಹೇಳವಾ."

ಮಗಳು ಮತ್ತೊಮ್ಮೆ ಹೇಳಿದಳು, ಅಳುತ್ತ ಹೇಳಿದಳು.

"ಹುಚ್ಚಿ! ಎಲ್ಲಾ ತಿಳಿದಿದ್ರ ನಿನ್ನ ಅಷ್ಟ್ ದೂರ ಯಾಕ ಕಳಸ್ತಿದ್ದೆ? ಇಲ್ಲೇ ನನ್ನ ಬಾಜೂಕ ಕುಂಡ್ರಿಸ್ಕೋತಿದ್ದೆ."

"ಮಂದಿ ಕೇಳಿದ್ರ ಏನ್ ಹೇಳ್ತಿ?"

"ಕಲ್ಯಾಕತ್ತಾಳ ಅಂತೀನಿ. ಉಂಡಿಯಿಲ್ಲೋ, ಅದನ್ನ ಹೇಳ ಮೊದಲ."

ದಾನೇಶ್ವರಿ ಬ್ಯಾಗಿನಿಂದ ಬಟ್ಟೆ ತೆಗೆದು ಮತ್ತೆ ಕಪಾಟಿನಲ್ಲಿಟ್ಟಳು. ಆ ವರ್ಷ ಅವಳೇನೂ ಮೊದಲು ಬರಲಿಲ್ಲ. ಡ್ರಾಯಿಂಗ್ ಪಾಸಾಯಿತು, ಗಣಿತ ಹೋಯಿತು. ಕೇಳಿ ಕೇಳಿ ಕಲಿತು, ಮತ್ತೆ ಬರೆದು ಪಾಸು ಮಾಡಿಕೊಂಡಳು. ಈಗ ಮೂರನೇ ವರ್ಷದಲ್ಲಿದ್ದಾಳೆ, ಚೆನ್ನಾಗಿದ್ದಾಳೆ.

ತಾಯಂದಿರೇ, ಅಣ್ಣಂದಿರೇ, ಇನ್ನು ನಿಮ್ಮ ಕಡೆಗೆ ಬರುತ್ತೇನೆ. ನಿಮ್ಮ ಮಕ್ಕಳಿಗೆ ಫೋನು ಮಾಡಿದಾಗ ಮೊದಲು ಏನು ಕೇಳುತ್ತೀರಿ? ಎಷ್ಟು ಬಂತು? ಎಷ್ಟನೆಯವನು? ಅಲ್ಲವೇ? ಇವತ್ತಿನಿಂದ ಅದನ್ನು ಬಿಡಿ. ಉಂಡೆಯಾ ಎಂದು ಕೇಳಿ. ಇವತ್ತು ಏನು ತಿಳಿಯಲಿಲ್ಲ ಎಂದು ಕೇಳಿ. ಅವರು ಹೇಳತೊಡಗಿದರೆ ನಿಮ್ಮ ಗಿರಣಿ ಯಾವುದಿದೆಯೋ, ಅದು ಟಿವಿಯೋ ಅಂಗಡಿಯೋ, ಬಂದ್ ಮಾಡಿ ಕೇಳಿ. ನಿಟ್ಟುಸಿರು ಬಿಡಬೇಡಿ, ಅದು ಫೋನಿನಲ್ಲೂ ಕೇಳಿಸುತ್ತದೆ. ಹಿಂದೆ ಕುಳಿತ ಮಕ್ಕಳೇ, ತಿಳಿಯದ ದಿನವೇ ಕೈ ಎತ್ತಿ. ಆರು ವಾರ ಕಾಯಬೇಡಿ. ನೀವು ಎದ್ದು ನಿಲ್ಲುವುದನ್ನೇ ಐವತ್ತು ಜನ ಕಾಯುತ್ತಿರುತ್ತಾರೆ.

ಇನ್ನು ನನ್ನ ಮಾತು. ಒಂಬತ್ತು ದಿನದಿಂದ ನಾನು ಹೇಳುತ್ತಿದ್ದೇನೆ, ನೀವು ತಲೆಯಾಡಿಸುತ್ತಿದ್ದೀರಿ. ನಾನೂ ನಂಬಿ ಕುಳಿತಿದ್ದೆ! ಪ್ರಸಾದಕ್ಕೆ ಏಳುವ ಮೊದಲು ಒಬ್ಬರಾದರೂ ಕೈ ಎತ್ತಿ, 'ಅಪ್ಪಾ, ಇದು ನನಗೆ ತಿಳಿಯಲಿಲ್ಲ' ಎನ್ನಿ. ನನಗೂ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದೇ ಹೇಳುತ್ತೇನೆ.

ಹೂಂ, ಯಾರು ಮೊದಲು?